ತಡವಾದ ಅಭಿಜ್ಞಾನ: ಚಲಚ್ಚಿತ್ರದಲ್ಲಿ ಸಲಿಂಗಾನುರಾಗಿಯಾದ ಗೃಹಸ್ಥ

ನಾಟಕದ ವಸ್ತುವಿನಲ್ಲಿ ಅರಿವಿನ ಉದಯಕ್ಕೆ ಸಲ್ಲುವ ಸ್ಥಾನವು ಪೌರಸ್ತ್ಯರಿಗೂ ಪಾಶ್ಚಾತ್ಯರಿಗೂ ಸಮಾನವಾಗಿ ಸಮ್ಮತವಾದುದು. ಅಜ್ಞಾನದಿಂದ ಜ್ಞಾನಕ್ಕೆ ಆಗುವ ಪರಿವರ್ತನೆಯನ್ನು ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಒಂದು ವಿಶೇಷ ಸಂಜ್ಞೆಯಿಂದ ಕರೆದು, ಅದು ನಾಯಕನ ದೈವಗತಿಯ ವಿಪರ್ಯಯದೊಡನೆ ಏಕಕಾಲದಲ್ಲಿ ಕೂಡಿ ಬಂದಾಗ ಅತ್ಯಂತ ಪರಿಣಾಮಕಾರಿಯಾಗುವುದೆಂದು ಹೇಳಿ, ಈಡಿಪಸ್ ನಾಟಕವನ್ನು ಉದಾಹರಿಸಿದ್ದಾನೆ. ಆ ಸಂಜ್ಞೆಗೆ ನಮ್ಮ ದೇಶದ ಪರಿಭಾಷೆಯಲ್ಲಿ 'ಅಭಿಜ್ಞಾನ' ಎಂಬ ಮಾತು ಸಹಜವಾಗಿ ಒದಗುವುದು. ಕಾಳಿದಾಸನು ತನ್ನ ನಾಟಕದ ಹೆಸರಿನಲ್ಲಿಯೇ ಅದನ್ನು ಇರಿಸಿದ್ದಾನೆ. ಅಲ್ಲಿ ಅದಕ್ಕೆ ಗುರುತಿನ ಉಂಗುರವೆಂಬ ಅರ್ಥವೂ ಉಂಟು, ಮರೆತುದನ್ನು ಮರಳಿ ಗುರುತಿಸುವಿಕೆಯೆಂಬ ಅರ್ಥವೂ ಉಂಟು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಚಲಚ್ಚಿತ್ರವು ಈ ಪುರಾತನವಾದ ಅಂಗವನ್ನು ಒಂದು ನೂತನ ವಸ್ತುವಿಗೆ ಅಳವಡಿಸಿಕೊಂಡಿರುವುದು. ವಿವಾಹಿತನಾಗಿ, ಹಲವು ವರ್ಷ ಸಂಸಾರ ನಡೆಸಿದ ಗೃಹಸ್ಥನು ತನ್ನ ಅನುರಾಗವು ಸ್ತ್ರೀಯರಲ್ಲಿಲ್ಲ, ಪುರುಷರಲ್ಲಿರುವುದೆಂಬುದನ್ನು ತಡವಾಗಿ ಅರಿಯುವುದು, ಅಥವಾ ಮೊದಲೇ ಅರಿತಿದ್ದುದನ್ನು ತಡವಾಗಿ ಒಪ್ಪಿಕೊಳ್ಳುವುದು, ಈ ವಸ್ತು. ಈಡಿಪಸನ ಅರಿವಿಗೆ ಸಾಕ್ಷಿಗಳು ಹೊರಗಿನಿಂದ ಬರಬೇಕಾಯಿತು; ದುಷ್ಯಂತನ ಅರಿವಿಗೆ ಮೀನಿನ ಹೊಟ್ಟೆಯಿಂದ ಉಂಗುರವು ಬರಬೇಕಾಯಿತು. ಈ ಗೃಹಸ್ಥನ ಅರಿವಿಗಾದರೋ ಸಾಕ್ಷಿಯು ಅವನೇ. ಹೀಗಿರುವುದರಿಂದ ಇಂತಹ ಕೃತಿಗಳಲ್ಲಿ ಮುಖ್ಯವಾದ ಪ್ರಶ್ನೆಯು ಅರಿವು ಹೇಗೆ ಬಂದಿತೆಂಬುದಲ್ಲ. ಇಷ್ಟು ತಡವಾಗಿ ಏಕೆ ಬಂದಿತು, ಆ ವಿಳಂಬದ ಬೆಲೆಯನ್ನು ತೆತ್ತವರು ಯಾರು, ಎಂಬುದು. ವಿಳಂಬದ ಒಂದು ಪಾಲನ್ನು ಪತಿಯು ಅನುಭವಿಸುವನು. ಉಳಿದ ಪಾಲು, ಏನೂ ಅರಿಯದೆ ಆ ವರ್ಷಗಳನ್ನು ಕಳೆದ ಪತ್ನಿಯದು. ಪತಿಗೆ ತನ್ನ ಸ್ವರೂಪದ ಅರಿವು ಒದಗಿದ ಮಾತ್ರಕ್ಕೆ ಈ ನಾಟಕವು ಪೂರ್ಣವಾಗುವುದಿಲ್ಲ. ಪತ್ನಿಯ ನಷ್ಟವೂ ಗುರುತಿಸಲ್ಪಟ್ಟಾಗಲೇ ಅದು ಪೂರ್ಣವೆನಿಸುವುದು. ಇದನ್ನು ನಾಲ್ಕು ಚಿತ್ರಗಳ ಪರಿಶೀಲನೆಯಿಂದ ನಿದರ್ಶಿಸಬಹುದು.

ಮೊದಲನೆಯದು 1961ರಲ್ಲಿ ಇಂಗ್ಲೆಂಡಿನಲ್ಲಿ ಬೇಸಿಲ್ ಡಿಯರ್ಡನ್ ನಿರ್ದೇಶಿಸಿದ 'ವಿಕ್ಟಿಂ'. ಪುರುಷರ ಪರಸ್ಪರ ಸಂಬಂಧವು ಆಗ ಆ ದೇಶದಲ್ಲಿ ದಂಡನಾರ್ಹವಾದ ಅಪರಾಧವಾಗಿದ್ದಿತು. ಅದನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಬೇಕೆಂದು ವುಲ್ಫೆಂಡೆನ್ ಸಮಿತಿಯು 1957ರಲ್ಲಿಯೇ ಸಲಹೆ ಮಾಡಿದ್ದರೂ, ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ 21 ವರ್ಷ ತುಂಬಿದವರಿಗೆ ಮಿತವಾದ ವಿನಾಯಿತಿಯು ದೊರೆತುದು 1967ರ ಕಾನೂನಿನಿಂದ. ಚಿತ್ರದ ನಾಯಕನಾದ ಮೆಲ್ವಿಲ್ ಫಾರ್ ಪ್ರಸಿದ್ಧನಾದ ನ್ಯಾಯವಾದಿ. ಡರ್ಕ್ ಬೊಗಾರ್ಡ್ ಆ ಪಾತ್ರವನ್ನು ಧರಿಸಿದ್ದಾನೆ. ಅವನಲ್ಲಿ ಅನುರಕ್ತನಾಗಿದ್ದ ಯುವಕನೊಬ್ಬನು, ಗುಟ್ಟನ್ನು ಬಯಲು ಮಾಡುವೆವೆಂದು ಬೆದರಿಸಿ ಹಣ ಕೀಳುವವರ ಕೈಗೆ ಸಿಕ್ಕಿ, ಬಂಧನಕ್ಕೊಳಗಾಗಿ, ಫಾರನ ಹೆಸರನ್ನು ಹೇಳದೆಯೇ ಪ್ರಾಣವನ್ನು ಕಳೆದುಕೊಳ್ಳುವನು. ಆ ಮರಣದಿಂದ ಫಾರನ ಅರಿವು ಕೆರಳುವುದು. ತನ್ನ ಪೂರ್ವವೃತ್ತಾಂತವನ್ನು ಅವನು ವಿವಾಹಕ್ಕೆ ಮೊದಲೇ ಪತ್ನಿಯಾದ ಲಾರಾಳಿಗೆ ತಿಳಿಸಿದ್ದನು. ಅದು ಮುಗಿದ ಕಥೆಯೆಂದು ಇಬ್ಬರೂ ನಂಬಿದ್ದರು. ಮುಗಿದಿರಲಿಲ್ಲವೆಂಬುದೇ ಇಲ್ಲಿನ ಅಭಿಜ್ಞಾನ. ಲಾರಾಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೊಡುತ್ತ ಫಾರನು ತನ್ನ ಬಯಕೆಯನ್ನು ಬಾಯಿಬಿಟ್ಟು ಹೇಳುವ ದೃಶ್ಯವು ಚಿತ್ರದ ಹೃದಯ. ಸತ್ಯವನ್ನು ಹೊರಗೆ ತಂದವಳು ಪತ್ನಿ ಎಂಬುದು ಇಲ್ಲಿ ಗಮನಾರ್ಹ. ಆದರೆ ಚಿತ್ರದ ಪ್ರಯೋಜನವು ಕಾನೂನಿನ ಅನ್ಯಾಯವನ್ನು ತೋರಿಸುವುದಾಗಿದ್ದುದರಿಂದ, ಆ ಸತ್ಯದೊಡನೆ ಲಾರಾಳು ಮುಂದೆ ಹೇಗೆ ಬಾಳಬೇಕೆಂಬುದು ಹೆಚ್ಚು ವಿಚಾರಿಸಲ್ಪಟ್ಟಿಲ್ಲ. ವಿಚಾರಣೆಯ ಕಾಲದಲ್ಲಿ ದೂರವಿದ್ದು ಅನಂತರ ಹಿಂದಿರುಗುವಳೆಂಬ ಸೂಚನೆಯಿಂದ ಅವಳ ಪಾಲು ಮುಗಿಯುವುದು.

ಇಪ್ಪತ್ತೊಂದು ವರ್ಷಗಳ ತರುವಾಯ, 1982ರಲ್ಲಿ, ಅಮೆರಿಕದಲ್ಲಿ ಆರ್ಥರ್ ಹಿಲ್ಲರ್ ನಿರ್ದೇಶಿಸಿದ 'ಮೇಕಿಂಗ್ ಲವ್' ಪ್ರಕಟವಾಯಿತು. ಇದರಲ್ಲಿ ಬೆದರಿಸುವವರಿಲ್ಲ, ಮರಣದಂತಹ ಉತ್ಪಾತವಿಲ್ಲ. ಲಾಸ್ ಏಂಜಲೀಸ್ ನಗರದ ವೈದ್ಯನಾದ ಜ್ಯಾಕನೂ ದೂರದರ್ಶನ ಸಂಸ್ಥೆಯ ಅಧಿಕಾರಿಣಿಯಾದ ಕ್ಲೇರಳೂ ಸುಖಿಗಳಾದ ದಂಪತಿಗಳು. ಬಾರ್ಟ್ ಎಂಬ ಕಾದಂಬರಿಕಾರನು ರೋಗಿಯಾಗಿ ಬಂದು ಜ್ಯಾಕನ ಪರಿಚಯಕ್ಕೆ ಬೀಳುವನು; ಆ ಪರಿಚಯದಿಂದ ಜ್ಯಾಕನಿಗೆ ತನ್ನ ಸ್ವಭಾವವು ಸ್ಪಷ್ಟವಾಗುವುದು. ಚಿತ್ರದ ರಚನೆಯಲ್ಲಿ ಒಂದು ವೈಚಿತ್ರ್ಯವುಂಟು. ಕಥೆಯ ನಡುನಡುವೆ ಕ್ಲೇರಳೂ ಬಾರ್ಟನೂ ಒಬ್ಬೊಬ್ಬರಾಗಿ ಪ್ರೇಕ್ಷಕರ ಕಡೆಗೆ ಮುಖಮಾಡಿ ತಮ್ಮ ಅನುಭವವನ್ನು ಹೇಳಿಕೊಳ್ಳುವರು; ಜ್ಯಾಕನಿಗೆ ಮಾತ್ರ ಆ ಅವಕಾಶವಿಲ್ಲ. ಯಾವನ ಅರಿವು ಕಥೆಯ ಬೀಜವೋ ಅವನು ತನ್ನ ಅಂತರಂಗವನ್ನು ಸಭೆಗೆ ನಿವೇದಿಸನು. ಅವನ ಎರಡು ಪಕ್ಕದಲ್ಲಿ ನಿಂತವರು ಸಾಕ್ಷಿ ನುಡಿಯುವರು. ಇದನ್ನು ದೋಷವೆನ್ನುವುದಕ್ಕಿಂತ ವಿವೇಕವೆನ್ನುವುದು ಯುಕ್ತ. ತಡವಾಗಿ ತನ್ನನ್ನು ಕಂಡುಕೊಂಡವನ ಮಾತಿಗಿಂತ, ಆ ಕಾಣ್ಕೆಯಿಂದ ಬಾಳು ಬದಲಾದವರ ಮಾತಿನಲ್ಲಿ ಘಟನೆಯ ತೂಕವು ಸ್ಪಷ್ಟವಾಗಿ ತಿಳಿಯುವುದು.

ಆದರೂ ಚಿತ್ರವು ಕೊನೆಯವರೆಗೆ ಈ ಕಾಠಿಣ್ಯವನ್ನು ಉಳಿಸಿಕೊಳ್ಳಲಿಲ್ಲ. ವರ್ಷಗಳು ಕಳೆದ ಮೇಲೆ, ಇಬ್ಬರಿಗೂ ಆಪ್ತಳಾಗಿದ್ದ ವೃದ್ಧೆಯೊಬ್ಬಳ ಉತ್ತರಕ್ರಿಯೆಯ ಸಂದರ್ಭದಲ್ಲಿ ಜ್ಯಾಕನೂ ಕ್ಲೇರಳೂ ಮರಳಿ ಸಂಧಿಸುವರು. ಅವನಿಗೆ ನ್ಯೂಯಾರ್ಕಿನಲ್ಲಿ ಬೇರೊಬ್ಬ ಸಂಗಾತಿ; ಅವಳಿಗೆ ಮರುವಿವಾಹವಾಗಿ ಮಗನೊಬ್ಬನಿರುವನು. ತಾವಿಬ್ಬರೂ ಹಿಂದೆ ತಮ್ಮ ಮಗುವಿಗೆಂದು ಬಗೆದಿದ್ದ ಹೆಸರನ್ನು ಅವಳು ಆ ಮಗನಿಗೆ ಇಟ್ಟಿರುವಳು. ಈ ಹೆಸರೊಂದರಲ್ಲಿ ಕರುಣವು ಮಿಂಚುವುದು ನಿಜ. ಉಳಿದ ಸರ್ವವೂ ಇಬ್ಬರಿಗೂ ಸಮನಾಗಿ ಒದಗಿಬಂದುದರಿಂದ ವಿಳಂಬಕ್ಕೆ ಬೆಲೆಯೇ ಇರಲಿಲ್ಲವೇನೋ ಎಂಬ ಭಾವನೆಯು ಉಳಿಯುವುದು. ಆ ಕಾಲದಲ್ಲಿ ಹಾಲಿವುಡ್ಡಿನ ದೊಡ್ಡ ಸಂಸ್ಥೆಯೊಂದು ಸಲಿಂಗಾನುರಾಗಿಯನ್ನು ದುಷ್ಟನನ್ನಾಗಿಯೂ ರೋಗಿಯನ್ನಾಗಿಯೂ ಚಿತ್ರಿಸದೆ ಇದ್ದುದು ಸಾಹಸವೇ ಸರಿ. ಆ ಸೌಜನ್ಯವೇ ಚಿತ್ರಕ್ಕೆ ಮಿತಿಯೂ ಆಯಿತು.

ಟಾಡ್ ಹೇನ್ಸ್ 2002ರಲ್ಲಿ ರಚಿಸಿದ 'ಫಾರ್ ಫ್ರಂ ಹೆವನ್' ಇದಕ್ಕೆ ಪ್ರತಿಪಕ್ಷದಂತಿದೆ. ಕಥೆಯು ನಡೆಯುವುದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ, 1957ರ ಸುಮಾರಿನಲ್ಲಿ. ಅದರ ವರ್ಣವಿನ್ಯಾಸವೂ ಅಭಿನಯಕ್ರಮವೂ ಡಗ್ಲಸ್ ಸರ್ಕ್ ಎಂಬ ನಿರ್ದೇಶಕನು ಆ ದಶಕದಲ್ಲಿ ತೆಗೆದ ಗೃಹಸ್ಥಜೀವನದ ಚಿತ್ರಗಳನ್ನು ಅನುಸರಿಸುವುವು. ವ್ಯಾಪಾರ ಸಂಸ್ಥೆಯ ಅಧಿಕಾರಿಯಾದ ಫ್ರಾಂಕನು ಕಚೇರಿಯಲ್ಲಿ ತಡವಾಗಿ ಕೆಲಸ ಮಾಡುತ್ತಿರುವನೆಂದು ನಂಬಿ, ಪತ್ನಿ ಕ್ಯಾಥಿಯು ಊಟವನ್ನು ತೆಗೆದುಕೊಂಡು ಹೋಗುವಳು. ಅಲ್ಲಿ ಅವನು ಮತ್ತೊಬ್ಬ ಪುರುಷನೊಡನೆ ಇರುವುದನ್ನು ಕಾಣುವಳು. ಪತಿಗೆ ಬಡಿಸಲೆಂದು ಹೋದ ಕೈಯಲ್ಲಿಯೇ ದಾಂಪತ್ಯದ ಸತ್ಯವು ಬೀಳುವುದು. ಅಭಿಜ್ಞಾನದ ಪ್ರಭೇದಗಳಲ್ಲಿ, ಗುರುತುಗಳಿಂದ ಆದುದಕ್ಕಿಂತ ಘಟನೆಗಳಿಂದಲೇ ಹುಟ್ಟಿಬಂದುದು ಶ್ರೇಷ್ಠವೆಂಬ ಅರಿಸ್ಟಾಟಲನ ನಿರ್ಣಯಕ್ಕೆ ಇದು ಒಳ್ಳೆಯ ಲಕ್ಷ್ಯ.

ಮುಂದೆ ಫ್ರಾಂಕನು ತನ್ನ ಸ್ವಭಾವವನ್ನು ವ್ಯಾಧಿಯೆಂದು ಬಗೆದು ವೈದ್ಯನ ಬಳಿಗೆ ಹೋಗುವನು. ಕ್ಯಾಥಿಯು ಮೌನದಿಂದ ಸಹಕರಿಸುವಳು. ಸಲಿಂಗಾನುರಾಗವು ವ್ಯಾಧಿಯಲ್ಲವೆಂದು ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿ ನಿರ್ಣಯಿಸಿತು. ಕಥೆಯ ಕಾಲಕ್ಕೆ ಆ ಬಿಡುಗಡೆಯು ಇನ್ನೂ ದೂರವಿದ್ದಿತು. ಚಿಕಿತ್ಸೆಯು ನಿಷ್ಫಲವಾಗಿ, ಕೊನೆಗೆ ಯುವಕನೊಬ್ಬನಲ್ಲಿ ತನ್ನ ಪ್ರೇಮವು ನೆಲೆಗೊಂಡಿತೆಂದು ಫ್ರಾಂಕನು ಕಣ್ಣೀರಿಡುತ್ತ ಒಪ್ಪಿಕೊಳ್ಳುವನು. ಇತ್ತ ಕ್ಯಾಥಿಗೆ ಸಮಾಧಾನವು ದೊರೆತುದು ರೇಮಂಡ್ ಎಂಬ ಕರಿಯ ತೋಟಗಾರನ ಸ್ನೇಹದಲ್ಲಿ. ಪತಿಯ ಗುಟ್ಟನ್ನು ಕೇಳಿ ಮರುಗಿದ ಗೆಳತಿಯೇ ಈ ಸ್ನೇಹದ ಮಾತನ್ನು ಕೇಳಿ ಮುಖವನ್ನು ತಿರುಗಿಸುವಳು. ಫ್ರಾಂಕನಿಗೆ ಗುಟ್ಟಾಗಿಯಾದರೂ ಒಂದು ಕೋಣೆಯುಂಟು. ಕ್ಯಾಥಿಯ ಅನುರಾಗಕ್ಕೆ ಆ ಊರಿನಲ್ಲಿ ನಿಲ್ಲಲು ಸ್ಥಳವೇ ಇಲ್ಲ. ರೇಮಂಡನು ಊರು ಬಿಟ್ಟು ಹೋಗುವಾಗ ರೈಲು ನಿಲ್ದಾಣದಲ್ಲಿ ಅವಳು ಒಂಟಿಯಾಗಿ ನಿಲ್ಲುವಳು. ವಿಳಂಬದ ಲೆಕ್ಕವನ್ನು ಈ ಚಿತ್ರವು ಇಬ್ಬರಿಗೂ ಪ್ರತ್ಯೇಕವಾಗಿ ಬರೆದಿಟ್ಟಿರುವುದು. ಆದರೆ ಲೆಕ್ಕವನ್ನು ಓದಿ ಹೇಳುವವರು ಚಿತ್ರದ ಒಳಗೆ ಯಾರೂ ಇಲ್ಲ. ಕ್ಯಾಥಿಯ ನಷ್ಟವನ್ನು ಗುರುತಿಸುವವನು ಪ್ರೇಕ್ಷಕನೊಬ್ಬನೇ.

ಈ ಕೊರತೆಯನ್ನು ತುಂಬಿದುದು ಮಲಯಾಳ ಭಾಷೆಯ 'ಕಾದಲ್ - ದಿ ಕೋರ್'. ಜಿಯೋ ಬೇಬಿ ಅವರ ನಿರ್ದೇಶನದಲ್ಲಿ, ಆದರ್ಶ್ ಸುಕುಮಾರನ್ ಮತ್ತು ಪಾಲ್ಸನ್ ಸ್ಕರಿಯಾ ಅವರ ರಚನೆಯಿಂದ, ಇದು 2023ರ ನವೆಂಬರ್ 23ರಂದು ತೆರೆಕಂಡಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಕೇರಳ ರಾಜ್ಯದ ಪ್ರಶಸ್ತಿಯನ್ನೂ ಪಡೆಯಿತು. ಹೆಸರಿನಲ್ಲಿಯೇ ಸ್ವಾರಸ್ಯವುಂಟು. ಮಲಯಾಳದಲ್ಲಿ ಆ ಶಬ್ದಕ್ಕೆ ಮರದ ಚೇಗು, ತಿರುಳು ಎಂಬ ಅರ್ಥ. ತಮಿಳಿನಲ್ಲಿ ಪ್ರೇಮವೆಂಬ ಅರ್ಥ. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ನಲ್ಲನನ್ನೂ ನಲ್ಲೆಯನ್ನೂ ಹೇಳುವ 'ಕಾದಲ', 'ಕಾದಲೆ' ಎಂಬ ಮಾತುಗಳು ನೆನಪಿಗೆ ಬಾರದಿರವು.

ಸ್ಥಳೀಯ ಪಂಚಾಯತಿಯ ಉಪಚುನಾವಣೆಗೆ ಮ್ಯಾಥ್ಯೂ ದೇವಸಿಯು ಅಭ್ಯರ್ಥಿಯಾಗಿ ನಿಂತಿರುವಾಗಲೇ, ಅವನ ಪತ್ನಿ ಓಮನಳು ವಿವಾಹವಿಚ್ಛೇದನಕ್ಕೆ ಅರ್ಜಿ ಹಾಕಿರುವ ಸಂಗತಿಯು ಹೊರಬೀಳುವುದು. ಪತಿಯು ಸಲಿಂಗಾನುರಾಗಿಯೆಂಬುದು ಅರ್ಜಿಯ ಕಾರಣ. ಮಮ್ಮೂಟ್ಟಿ ಮತ್ತು ಜ್ಯೋತಿಕಾ ಈ ಪಾತ್ರಗಳನ್ನು ವಹಿಸಿದ್ದಾರೆ. ವಾಹನ ಚಾಲನೆಯನ್ನು ಕಲಿಸುವ ತಂಗನ್ ಮ್ಯಾಥ್ಯೂವಿನ ಪ್ರೀತಿಗೆ ಪಾತ್ರನಾದವನು. ಹಿಂದಿನ ಮೂರು ಚಿತ್ರಗಳಲ್ಲಿ ಅರಿವು ಪತಿಯಲ್ಲಿ ಹುಟ್ಟಿ ಪತ್ನಿಗೆ ತಗಲುವುದು, ಅಥವಾ ಪತ್ನಿಯ ಕಣ್ಣಿಗೆ ಆಕಸ್ಮಿಕವಾಗಿ ಬೀಳುವುದು. ಇಲ್ಲಿ ಪತ್ನಿಯೇ ಅದಕ್ಕೆ ಮಾತು ಕೊಡುವಳು. ಮ್ಯಾಥ್ಯೂ ತನ್ನನ್ನು ಅರಿಯದವನಲ್ಲ. ಅರಿತುದನ್ನು ತನಗೇ ಹೇಳಿಕೊಳ್ಳದವನು. ನ್ಯಾಯಾಲಯದಲ್ಲಿ ಅವನು ನಿರಾಕರಿಸುವನು. ಅವನ ವೃದ್ಧ ತಂದೆಯು ಕೊನೆಗೆ ಸತ್ಯವನ್ನು ನುಡಿಯುವನು. ಮಗನ ಸ್ವಭಾವವು ತಂದೆಗೆ ಮೊದಲೇ ಗೊತ್ತಿದ್ದಿತು. ವಿವಾಹವಾದರೆ ಎಲ್ಲವೂ ಸರಿಹೋಗುವುದೆಂದು ನಂಬಿ ಅವನೇ ಮದುವೆಯನ್ನು ನಡೆಸಿದ್ದನು. ಇಂತು ಒಂದು ಅರ್ಜಿಯಿಂದ ಮೂವರಿಗೂ ಅಭಿಜ್ಞಾನವಾಗುವುದು. ವಿಚ್ಛೇದನವನ್ನು ತನ್ನೊಬ್ಬಳಿಗಾಗಿ ಬೇಡದೆ, ಮ್ಯಾಥ್ಯೂವಿಗೂ ಬಿಡುಗಡೆಯಾಗಲೆಂದು ಓಮನಳು ಬೇಡಿದಳೆಂಬುದನ್ನು ಅರಿತು ಅವನು ಅವಳನ್ನು ಅಪ್ಪಿಕೊಂಡು ಅಳುವ ದೃಶ್ಯದಲ್ಲಿ, ಅವಳ ಕಳೆದುಹೋದ ವರ್ಷಗಳಿಗೆ ಚಿತ್ರದ ಒಳಗೇ ಒಬ್ಬ ಸಾಕ್ಷಿಯು ದೊರಕುವನು. ಮುಂದೆ ಅವಳ ಹೊಸ ಬಾಳಿನ ಯತ್ನಕ್ಕೆ ಅವನೇ ಜೊತೆಯಾಗುವನು.

ಈ ಸಂದರ್ಭಕ್ಕೆ ಕಾನೂನಿನ ಹಿನ್ನೆಲೆಯನ್ನೂ ಸೇರಿಸಿ ನೋಡಬೇಕು. ಪ್ರಾಪ್ತವಯಸ್ಕರ ಸಮ್ಮತಿಯುಳ್ಳ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅಂತಹವರ ವಿವಾಹಕ್ಕೆ ಮನ್ನಣೆಯನ್ನು ಕೊಡಲು ಅದೇ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಚಿತ್ರವು ಬಂದುದು ಅದರ ಮರುತಿಂಗಳಲ್ಲಿ. ಫಾರನ ವಿಳಂಬಕ್ಕೆ ಸೆರೆಮನೆಯ ಭಯವು ಕಾರಣವಾಗಿದ್ದಿತು. ಮ್ಯಾಥ್ಯೂವಿನ ಕಾಲಕ್ಕೆ ಆ ಭಯವು ತೊಲಗಿದ್ದರೂ ಮನೆ, ಊರು, ಇಗರ್ಜಿ, ಪಕ್ಷ ಇವುಗಳ ಭಯವು ಉಳಿದಿರುವುದು. ಕಾನೂನು ಬದಲಾದ ದಿನವೇ ಮನಸ್ಸು ಬದಲಾಗುವುದಿಲ್ಲವೆಂಬುದನ್ನು ಈ ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ತಿಳಿಯಬಹುದು.

'ಕಾದಲ್' ನಿರ್ದುಷ್ಟವೆಂದು ಹೇಳುವಂತಿಲ್ಲ. ತಂಗನ್ ಮತ್ತು ಮ್ಯಾಥ್ಯೂ ಪರಸ್ಪರ ಮಾತನಾಡುವ ಸಂದರ್ಭವು ಬಹು ವಿರಳ. ಪ್ರೇಮವು ನೋಟದಲ್ಲಿಯೂ ಮೌನದಲ್ಲಿಯೂ ಮಾತ್ರ ಸೂಚಿತವಾಗಿರುವುದು. ಧ್ವನಿಯು ಕಾವ್ಯದ ಆತ್ಮವೆಂಬ ಮತಕ್ಕೆ ಇದು ಒಪ್ಪಿಗೆಯೇ ಆದರೂ, ಊರಿನವರ ಹಾಸ್ಯವನ್ನು ಸಹಿಸಿದ ಬಡ ತಂಗನ್ ತನ್ನ ಪಾಲಿನ ವಿಳಂಬವನ್ನು ಹೇಳಿಕೊಳ್ಳದೆ ಹೋದನು. ಪತ್ನಿಗೆ ಸಂದ ನ್ಯಾಯವು ಪ್ರಿಯನಿಗೆ ಪೂರ್ಣವಾಗಿ ಸಲ್ಲಲಿಲ್ಲ. ಇನ್ನೊಬ್ಬರ ಮದುವೆಯಿಂದ ಹಿಂದುಳಿದ ಪ್ರಿಯನ ಈ ಪಕ್ಷವನ್ನು ಕನ್ನಡದಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' (2013) ಕಥೆಗಳು ಹಿಡಿದಿರುವುದನ್ನು ವಾಚಕರು ಬಲ್ಲರು.

ಪತ್ನಿಯ ನಷ್ಟವನ್ನು ಇಷ್ಟು ಒತ್ತಿ ಹೇಳಿದರೆ, ಸಮಾಜದಿಂದ ಮೊದಲೇ ದಂಡಿತನಾದ ಪತಿಯನ್ನು ವಿಮರ್ಶೆಯು ಮತ್ತೊಮ್ಮೆ ದಂಡಿಸಿದಂತಾಗದೆ ಎಂಬ ಆಕ್ಷೇಪವು ಬರಬಹುದು. ಇದಕ್ಕೆ ಕಾಳಿದಾಸನಲ್ಲಿಯೇ ಸಮಾಧಾನವುಂಟು. ದುಷ್ಯಂತನ ಮರೆವಿಗೆ ದುರ್ವಾಸನ ಶಾಪವನ್ನು ಕಾರಣವಾಗಿ ಕಲ್ಪಿಸಿ ಕವಿಯು ಅವನನ್ನು ದೋಷದಿಂದ ಕಾಪಾಡಿದನು. ಹಾಗೆಂದು ಶಕುಂತಲೆಯು ಸಭೆಯಲ್ಲಿ ಅನುಭವಿಸಿದ ನಿರಾಕರಣವನ್ನು ಅವನು ಹಗುರ ಮಾಡಲಿಲ್ಲ. ಕೊನೆಯ ಅಂಕದಲ್ಲಿ ರಾಜನನ್ನು ಅವಳ ಪಾದಗಳಿಗೆ ಬೀಳಿಸಿದನು. ಶಾಪವು ತಿಳಿದಾಗ ಶಕುಂತಲೆಯ ಮನಸ್ಸಿನ ಕಹಿಯು ತೊಲಗಿತು. ಕಳೆದ ಕಾಲವು ಮರಳಲಿಲ್ಲ. ಪ್ರಕೃತ ಚಿತ್ರಗಳಲ್ಲಿ ಶಾಪದ ಸ್ಥಾನದಲ್ಲಿರುವುದು ಕಾನೂನು, ವೈದ್ಯ, ಕುಲ, ಲೋಕಾಪವಾದ. ಈ ಶಾಪವು ಪತಿಯ ದೋಷವನ್ನು ಶಮನಗೊಳಿಸುವುದು, ಪತ್ನಿಯ ನೋವನ್ನು ಅಳಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಕೃತಿಯಲ್ಲಿ ಕರುಣವು ನೆಲೆಗೊಳ್ಳುವುದು. ಒಂದನ್ನೇ ಹೇಳಿದರೆ ಅದು ಪತಿಯ ಪರವಾದ ಮನವಿಯಾಗಿಯೋ ಪತ್ನಿಯ ದೂರಾಗಿಯೋ ನಿಂತುಬಿಡುವುದು.

ಅಭಿಜ್ಞಾನವೆಂಬ ಮಾತನ್ನು ವಿದ್ಯಾರ್ಥಿಗಳಿಗೆ ಉಂಗುರದ ಕಥೆಯಿಂದ ತಿಳಿಸುವ ಅಧ್ಯಾಪಕರು ಈ ನೂತನ ಲಕ್ಷ್ಯಗಳನ್ನೂ ಅದರ ಪಕ್ಕದಲ್ಲಿಡುವುದು ಉಚಿತವಾಗಿದೆ. ಪುರಾತನ ನಾಟಕದಲ್ಲಿ ರಾಜನು ಪತ್ನಿಯನ್ನು ಗುರುತಿಸಿದಾಗ ದಾಂಪತ್ಯವು ಕೂಡುವುದು. ಇಲ್ಲಿ ಪತಿಯು ತನ್ನನ್ನೂ ಪತ್ನಿಯನ್ನೂ ನಿಜವಾಗಿ ಗುರುತಿಸಿದಾಗ ದಾಂಪತ್ಯವು ಬಿಡುವುದು. ಬಿಡುವ ಆ ಕ್ಷಣದಲ್ಲಿಯೇ ಅವರಿಬ್ಬರೂ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಕಾಣುವರೆಂಬುದನ್ನು ತೋರಿಸಿದುದು ಓಮನಳ ಅರ್ಜಿ.