ಪ್ರೇರಣಾ ಸಂದರ್ಶನವೂ ಶುಶ್ರೂಷಾ ವಿದ್ಯಾರ್ಥಿನಿಯ ಮೌನವೂ: ಒಂದು ವಿಮರ್ಶೆ

ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ಎಂಬ ಮನೋವಿಜ್ಞಾನಿಗಳು ರಚಿಸಿದ ‘ಮೋಟಿವೇಷನಲ್ ಇಂಟರ್‌ವ್ಯೂಯಿಂಗ್’ ಎಂಬ ಗ್ರಂಥವು 1991ರಲ್ಲಿ ಮೊದಲು ಪ್ರಕಟವಾಗಿ, 2002, 2013 ಮತ್ತು 2023ರಲ್ಲಿ ಪರಿಷ್ಕರಣವನ್ನು ಹೊಂದಿತು. ಅದರಲ್ಲಿ ಪ್ರತಿಪಾದಿತವಾದ ಸಂಭಾಷಣಾಕ್ರಮವನ್ನು ಪ್ರೇರಣಾ ಸಂದರ್ಶನವೆಂದು ಕರೆಯೋಣ. ಪರೀಕ್ಷಕರ ಮುಂದೆ, ಹಿರಿಯ ವೈದ್ಯರ ಮುಂದೆ ಬಾಯಿ ಕಟ್ಟಿಹೋಗುವ ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಈ ಕ್ರಮವು ಎಷ್ಟರಮಟ್ಟಿಗೆ ಒದಗೀತೆಂದು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಚಿಕಿತ್ಸೆಯ ಫಲಾಫಲಗಳನ್ನು ಆ ಶಾಸ್ತ್ರದವರು ನಿರ್ಣಯಿಸಬೇಕು. ಆದರೆ ಒಬ್ಬರ ಬಾಯಿಂದ ಬಂದ ಮಾತಿಗೆ ಸಾಕ್ಷ್ಯವಾಗಿ ಎಷ್ಟು ಬೆಲೆಯೆಂಬುದು ಇತಿಹಾಸದ ಅಭ್ಯಾಸಿಗೂ ಸೇರಿದ ಪ್ರಶ್ನೆಯಾಗಿದೆ.

ಈ ವಿಧಾನವು ಹುಟ್ಟಿದ್ದು ಕುಡಿತಕ್ಕೆ ಸಿಕ್ಕಿದವರ ಚಿಕಿತ್ಸೆಯಲ್ಲಿ. 1982ರಲ್ಲಿ ನಾರ್ವೆ ದೇಶದ ಬರ್ಗೆನ್ನಿನಲ್ಲಿ ಅಲ್ಲಿಯ ಮನೋವಿಜ್ಞಾನಿಗಳೊಡನೆ ನಡೆದ ಚರ್ಚೆಗಳಿಂದ ಮಿಲ್ಲರ್ ಅವರ ವಿಚಾರ ಸ್ಪಷ್ಟವಾಗಿ, 1983ರಲ್ಲಿ ಲೇಖನರೂಪವನ್ನು ತಾಳಿತು. ಬುದ್ಧಿ ಹೇಳಿದಷ್ಟೂ ಕುಡಿಯುವವನು ತನ್ನ ಕುಡಿತವನ್ನೇ ಸಮರ್ಥಿಸಿಕೊಳ್ಳುತ್ತಾನೆ. ಬಿಡುವುದಕ್ಕೆ ಕಾರಣಗಳನ್ನು ಅವನೇ ನುಡಿಯುವಂತೆ ಮಾಡಿದರೆ ಆ ಮಾತು ಅವನನ್ನು ಮುಂದಕ್ಕೆ ಒಯ್ಯುತ್ತದೆ. ಇದೇ ಅದರ ಮೂಲತತ್ತ್ವ. ಹೌದು, ಅಲ್ಲ ಎಂದು ಮುಗಿಯದ ಪ್ರಶ್ನೆ, ಕೇಳಿದ್ದನ್ನು ಅರ್ಥಮಾಡಿಕೊಂಡು ಮರಳಿ ನುಡಿಯುವುದು, ಇರುವ ಶಕ್ತಿಯನ್ನು ಗುರುತಿಸುವುದು, ಕೊನೆಗೆ ಎಲ್ಲವನ್ನೂ ಸಂಗ್ರಹಿಸಿ ಹೇಳುವುದು ಇದರ ಸಾಧನಗಳು.

ಶಾಸನದ ಪಾಠಾಂತರಗಳನ್ನು ನೋಡುವಂತೆ ಗ್ರಂಥದ ಉಪಶೀರ್ಷಿಕೆಗಳನ್ನು ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಮೊದಲ ಆವೃತ್ತಿಯ ಉಪಶೀರ್ಷಿಕೆಯಲ್ಲಿ ಚಟಗಳ ಪ್ರಸ್ತಾಪವಿತ್ತು. 2002ರಲ್ಲಿ ಚಟವೆಂಬ ಮಾತು ಬಿದ್ದುಹೋಗಿ ಬದಲಾವಣೆ ಮಾತ್ರ ಉಳಿಯಿತು. 2023ರಲ್ಲಿ ಅದಕ್ಕೆ ಬೆಳವಣಿಗೆಯೂ ಸೇರಿತು. ವಿಧಾನದ ಕ್ಷೇತ್ರ ಹೀಗೆ ವಿಸ್ತಾರವಾಗುತ್ತ ಬಂದಿದೆ. ಇತ್ತ ‘ಸಾಮಾಜಿಕ ಭೀತಿ’ ಎಂದು 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿಯನ್ನು ಸೇರಿದ ವ್ಯಾಧಿಗೆ 2013ರ ಆವೃತ್ತಿಯಲ್ಲಿ ‘ಸಾಮಾಜಿಕ ಆತಂಕ’ವೆಂಬುದೇ ಮುಖ್ಯನಾಮವಾಯಿತು. ಕೆನಡಾದ ಹೆನ್ನಿ ವೆಸ್ಟ್ರಾ ಅವರು ಆತಂಕದ ಚಿಕಿತ್ಸೆಯಲ್ಲಿ ಪ್ರೇರಣಾ ಸಂದರ್ಶನದ ಬಳಕೆಯನ್ನು ಕುರಿತು 2012ರಲ್ಲಿ ಒಂದು ಗ್ರಂಥವನ್ನೇ ಬರೆದರು. ಆದುದರಿಂದ ಈ ಎರಡನ್ನೂ ಕೂಡಿಸುವುದು ಆಧಾರವಿಲ್ಲದ ಸಾಹಸವಲ್ಲ.

ಆದರೆ ನಮ್ಮ ನೆಲದಲ್ಲಿ ಒಂದು ಸಂದೇಹ ತಲೆದೋರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ಲಿನ ಕಡೆಯಿಂದ ಬಂದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆ ಸೀಮೆಯ ಎಷ್ಟೋ ಮನೆಗಳಂತೆ ಅವಳ ಮನೆಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಾಲೇಜಿನ ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ವಾರ್ಡಿನ ಮುದುಕಿಯೊಡನೆ ಅವಳು ನಿರಾಯಾಸವಾಗಿ ಹರಟುತ್ತಾಳೆ; ರೌಂಡ್ಸ್ ಬಂದೊಡನೆ ಮೂಕಳಾಗುತ್ತಾಳೆ. ಇದು ವ್ಯಾಧಿಯೋ, ಭಾಷೆಯ ಕೊರತೆಯೋ, ಹಿರಿಯರ ಮುಂದೆ ಬಾಯಿ ತೆರೆಯಬಾರದೆಂಬ ಶಿಕ್ಷಣದ ಫಲವೋ? ಮೂರೂ ಹೊರಗೆ ಒಂದೇ ಮೌನವಾಗಿ ಕಾಣಿಸುವುವು.

ಮೂರನೆಯದಕ್ಕೆ ದೀರ್ಘವಾದ ಇತಿಹಾಸವುಂಟು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ನೈಟಿಂಗೇಲರ ಶಾಲೆಯ ಮಾದರಿಯಲ್ಲಿ ಶಿಸ್ತು, ವಿಧೇಯತೆಗಳು ದಾದಿಯ ಗುಣಗಳೆನಿಸಿದುವು. ಲಂಡನ್ ಮಿಷನ್ನಿನವರು 20ನೆಯ ಶತಮಾನದ ಆದಿಭಾಗದಲ್ಲಿ ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಯನ್ನು ಕಟ್ಟಿದುದು ಈ ಆದರ್ಶವು ಪ್ರಬಲವಾಗಿದ್ದ ಕಾಲದಲ್ಲಿಯೇ. ವಿಧೇಯತೆಯನ್ನು ಗುಣವೆಂದು ಕಲಿಸಿದ ವ್ಯವಸ್ಥೆಯೇ ಇಂದು ಅದರ ನೆರಳಾದ ಮೌನವನ್ನು ವಿದ್ಯಾರ್ಥಿನಿಯ ದೋಷವೆಂದು ಎಣಿಸುವುದು ನ್ಯಾಯವಲ್ಲ.

ನಮ್ಮ ಮುಖ್ಯ ಆಕ್ಷೇಪ ಇನ್ನೊಂದು. “ಹೆದರಬೇಡಮ್ಮ, ಧೈರ್ಯವಾಗಿ ಮಾತಾಡು” ಎಂದರೆ ಆಕೆ “ಆಯ್ತು ಮೇಡಂ” ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. “ರೌಂಡ್ಸ್ ಬಂದಾಗ ನಿನಗೆ ಏನನ್ನಿಸುತ್ತಮ್ಮ?” ಎಂದು ಕೇಳಿ ಕಾಯುವುದು ನಿಶ್ಚಯವಾಗಿ ಮೇಲು. ಆದರೆ ಕೇಳುವವರು ಆಂತರಿಕ ಅಂಕಗಳನ್ನು ಕೊಡುವ ಉಪಾಧ್ಯಾಯಿನಿಯೇ ಆಗಿದ್ದರೆ? “ನಾನು ಬದಲಾಗಬೇಕು ಮೇಡಂ” ಎಂಬ ಉತ್ತರ ಬರಬಹುದು. ವಿಧಾನದ ಲೆಕ್ಕದಲ್ಲಿ ಅದು ಬದಲಾವಣೆಯ ಮಾತು. ಇತಿಹಾಸಕಾರನಾದರೋ ಯಾವ ಹೇಳಿಕೆಯನ್ನೂ ಅದು ಯಾರ ಸನ್ನಿಧಿಯಲ್ಲಿ ನುಡಿದದ್ದೆಂದು ವಿಚಾರಿಸದೆ ಸ್ವೀಕರಿಸನು. ಅಮಲ್ದಾರರ ಮುಂದೆ ರೈತನು ಹೇಳಿದ ಸಮ್ಮತಿಗೂ ತನ್ನ ಜಗಲಿಯ ಮೇಲೆ ಹೇಳಿದ ಸಮ್ಮತಿಗೂ ಅಂತರವಿದೆ. ಕುಡಿತದ ಚಿಕಿತ್ಸೆಗೆ ತಾನಾಗಿ ಬಂದವನು ಸಲಹೆಗಾರನನ್ನು ಬಿಟ್ಟುಹೋಗಬಲ್ಲನು. ವಿದ್ಯಾರ್ಥಿನಿ ತನ್ನ ಪರೀಕ್ಷಕರನ್ನು ಬಿಟ್ಟುಹೋಗಲಾರಳು. ಅಧಿಕಾರವುಳ್ಳವರು ಈ ವಿಧಾನವನ್ನು ಬಳಸುವಾಗ ಏಳುವ ನೈತಿಕ ಪ್ರಶ್ನೆಯನ್ನು ಗ್ರಂಥಕರ್ತರು ತಾವೇ ಚರ್ಚಿಸಿದ್ದಾರೆಂಬುದು ಅವರಿಗೆ ಗೌರವದ ಸಂಗತಿ. ವಿಧಾನವನ್ನು ಆತುರದಿಂದ ತರುವವರು ಬಿಟ್ಟುಬಿಡುವುದು ಆ ಚರ್ಚೆಯನ್ನೇ.

ಇದರಿಂದ ವಿಧಾನವು ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಉಪದೇಶವೇ ವಿದ್ಯೆಯೆಂದು ಭಾವಿಸಿದ ನಮ್ಮ ಕಾಲೇಜುಗಳಿಗೆ ಕೇಳುವುದನ್ನು ಕಲಿಸುವ ಶಾಸ್ತ್ರವು ಅಗತ್ಯವಾಗಿ ಬೇಕು. ಆದರೆ ಸಂದರ್ಶನ ಮಾಡುವವರು ಅಂಕ ಕೊಡುವವರಾಗಿರಬಾರದು. ಅಲ್ಲಿ ನುಡಿದದ್ದು ಪ್ರಾಂಶುಪಾಲರ ಕೊಠಡಿಯನ್ನು ತಲುಪಬಾರದು. ಸಂಭಾಷಣೆ ಆಕೆಗೆ ಸಹಜವಾದ ಭಾಷೆಯಲ್ಲಿ, ಕನ್ನಡವಾಗಲಿ ತೆಲುಗಾಗಲಿ, ನಡೆಯಬೇಕು. ನಿಜವಾದ ವ್ಯಾಧಿಯುಳ್ಳವರನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ತಜ್ಞರಿಗೆ ಒಪ್ಪಿಸಬೇಕು.

ಈ ವಿಚಾರವು ವಿದ್ಯಾರ್ಥಿನಿಯ ಸುಖದುಃಖಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಔಷಧದ ಪ್ರಮಾಣ ತಪ್ಪಿರುವುದನ್ನು ಕಂಡೂ ಹೇಳಲಾರದೆ ನಿಂತ ದಾದಿಯ ಮೌನದ ಬೆಲೆಯನ್ನು ಹಾಸಿಗೆಯಲ್ಲಿ ಮಲಗಿದ ರೋಗಿಯು ತೆರಬೇಕಾಗುತ್ತದೆ.