ಯಾರಿಗಾಗಿ ಬರೆಯುವುದು: ಕಾದಂಬರಿ ಬೋಧನೆ, ಬರವಣಿಗೆಯ ಉದ್ದೇಶ ಮತ್ತು ‘ಕುಸುಮಬಾಲೆ’

ಕನ್ನಡ ಪದವಿ ತರಗತಿಗಳಲ್ಲಿ ಕಾದಂಬರಿಯೊಂದು ಪಠ್ಯವಾಗಿ ನಿಗದಿಯಾದೊಡನೆ ಅದರ ಬಗ್ಗೆ ಏನನ್ನು ಬರೆಯಬೇಕೆಂಬುದೂ ಬಹುಮಟ್ಟಿಗೆ ನಿಗದಿಯಾಗಿಬಿಡುತ್ತದೆ. ಕಥಾಸಾರ, ಪಾತ್ರಚಿತ್ರಣ, ಶೀರ್ಷಿಕೆಯ ಔಚಿತ್ಯ, ಸಾಮಾಜಿಕ ಸಮಸ್ಯೆಗಳ ನಿರೂಪಣೆ ಎಂಬ ಕೆಲವೇ ಚೌಕಟ್ಟುಗಳಲ್ಲಿ ಪ್ರಶ್ನೆಗಳು ಸುತ್ತುತ್ತವೆ. ಉತ್ತರಗಳು ಗೈಡುಗಳಲ್ಲಿ ಸಿದ್ಧವಾಗಿ ದೊರೆಯುತ್ತವೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ಚೌಕಟ್ಟಿನೊಳಗೂ ಹೇಗೋ ಉಸಿರಾಡುತ್ತದೆ. ಬೇಸಾಯಗಾರನಾಗಬೇಕೆಂಬ ಚೋಮನ ಹಂಬಲ, ಅದಕ್ಕೆ ಅಡ್ಡ ನಿಲ್ಲುವ ಜಾತಿವ್ಯವಸ್ಥೆ, ದುಡಿಯೊಂದಿಗಿನ ಅವನ ಅಂತ್ಯ ಇವನ್ನು ಪಾತ್ರಚಿತ್ರಣದ ಉತ್ತರವಾಗಿ ಜೋಡಿಸಲು ಸಾಧ್ಯ. ಆದರೆ ದೇವನೂರ ಮಹಾದೇವರ ‘ಕುಸುಮಬಾಲೆ’ಯ ಎದುರು ಇದೇ ವಿಧಾನ ಸೋಲುತ್ತದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಕುರಿತ ಪರೀಕ್ಷಾ ಉತ್ತರಗಳು ಕನ್ನಡ ಬೋಧನೆಯ ಒಂದು ದೊಡ್ಡ ಕೊರತೆಯನ್ನು ಬಯಲು ಮಾಡುತ್ತವೆ.

‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಮೈತಳೆದ ಕಥನ. ಬೇರೆ ಸೀಮೆಯ ಅಧ್ಯಾಪಕರು ಪದಕೋಶ ಹಿಡಿದು ಬಿಡಿಸಬೇಕಾದ ಮಾತುಗಳು ಚಾಮರಾಜನಗರದ ಕಡೆಯ ವಿದ್ಯಾರ್ಥಿನಿಗೆ ಅಜ್ಜಿಯ ಬಾಯಲ್ಲಿ ಕೇಳಿದ ಮಾತುಗಳೇ ಆಗಿರುತ್ತವೆ. ತರಗತಿಯಲ್ಲಿ ಆಕೆಯೇ ಹೆಚ್ಚು ಬಲ್ಲವಳು. ಉತ್ತರ ಪತ್ರಿಕೆ ಕೈಗೆ ಬಂದೊಡನೆ ಈ ತಿಳಿವಳಿಕೆಗೆ ಬೆಲೆಯಿಲ್ಲದಾಗುತ್ತದೆ. ‘ಚನ್ನನು ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಗೀಡಾದ ದಲಿತ ಯುವಕ’ ಎಂಬಂತಹ ವಾಕ್ಯವನ್ನು ಆಕೆ ಬರೆಯುತ್ತಾಳೆ. ಈ ವಾಕ್ಯ ಸುಳ್ಳಲ್ಲ. ಆದರೆ ಕಾದಂಬರಿ ಅದನ್ನು ಹೀಗೆ ನೇರವಾಗಿ ಹೇಳುವುದಿಲ್ಲ. ಪಿಸುಮಾತು, ಮರೆವು, ಅರೆಬರೆ ನೆನಪುಗಳ ನಡುವೆ ಅದು ಓದುಗನಿಗೆ ತಲಪುತ್ತದೆ. ಊರಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಗೈಡಿನ ಕನ್ನಡ ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ. ಹೇಳಲಾಗದಿರುವುದೇ ಕಾದಂಬರಿಯ ವಸ್ತುವಾಗಿರುವಾಗ ಇಂತಹ ಸಾರಾಂಶ ಕೃತಿಯ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಒಂದೇ ಕಥೆಯನ್ನು ಬೇರೆ ಬೇರೆ ಉದ್ದೇಶಗಳಿಗೆ ಬೇರೆ ಬೇರೆಯಾಗಿ ಹೇಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರೂ ಮಲೆ ಮಾದೇಶ್ವರನನ್ನು ಹಾಡುವ ದೇವರಗುಡ್ಡರೂ ತಮ್ಮ ಕಾವ್ಯವನ್ನು ‘ಸಾಲು’ಗಳಾಗಿ ಹಿಡಿದಿಟ್ಟುಕೊಂಡಿದ್ದಾರೆ. ಸಿದ್ದಪ್ಪಾಜಿಯ ಸಾಲು, ಸಂಕಮ್ಮನ ಸಾಲು ಹೀಗೆ. ಮನೆ ಬಾಗಿಲಲ್ಲಿ ಭಿಕ್ಷೆಗೆ ನಿಂತಾಗ ಹಾಡುವ ಅಳತೆ ಬೇರೆ, ಹರಕೆ ಹೊತ್ತವರ ಅಂಗಳದಲ್ಲಿ ಇರುಳಿಡೀ ಹಾಡುವ ಅಳತೆ ಬೇರೆ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ದಾಟಿಸಬೇಕು, ಎದುರು ಕುಳಿತವರಲ್ಲಿ ಯಾರ ಕಣ್ಣು ತುಂಬಬೇಕು ಎಂಬ ವಿವೇಚನೆ ಹಾಡುಗಾರನದು. ಅಲನ್ ಡಂಡೆಸ್ 1964ರಲ್ಲಿ ಪಠ್ಯದೊಂದಿಗೆ ಸಂದರ್ಭವನ್ನೂ ದಾಖಲಿಸಬೇಕೆಂದು ವಾದಿಸಿದ ಮೇಲೆ ಜಾನಪದ ಅಧ್ಯಯನ ಈ ವಿವೇಚನೆಯನ್ನು ಸಿದ್ಧಾಂತವಾಗಿ ಒಪ್ಪಿಕೊಂಡಿದೆ. ವಿಪರ್ಯಾಸವೆಂದರೆ, ಜಾನಪದ ಪತ್ರಿಕೆಯಲ್ಲಿ ‘ಸಂದರ್ಭ ಸಿದ್ಧಾಂತ’ವನ್ನು ವಿವರಿಸುವ ಅದೇ ವಿದ್ಯಾರ್ಥಿ ಕಾದಂಬರಿಯ ಪತ್ರಿಕೆಯಲ್ಲಿ ಯಾವ ಸಂದರ್ಭವೂ ಇಲ್ಲದೆ, ಯಾವ ಕೇಳುಗನೂ ಇಲ್ಲದೆ ಬರೆಯಬೇಕಾಗಿದೆ.

‘ಕುಸುಮಬಾಲೆ’ಯೊಳಗೇ ಇದಕ್ಕೆ ಒಂದು ದಾರಿಯಿದೆ. ಕಾದಂಬರಿಯ ಜೋತಮ್ಮಂದಿರು, ಅಂದರೆ ಮನೆಮನೆಯ ದೀಪಗಳು, ರಾತ್ರಿ ಒಂದೆಡೆ ಸೇರಿ ಮಾತಾಡಿಕೊಳ್ಳುತ್ತವೆ. ಇದು ಕನ್ನಡ ಜನಪದ ಕಥೆಯ ಆಶಯ. ಎ.ಕೆ. ರಾಮಾನುಜನ್ ಸಂಪಾದಿಸಿದ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ (1991) ಸೇರಿರುವ ಕನ್ನಡ ಕಥೆಯೊಂದರಲ್ಲಿ, ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಮೇಲೆ ಅವು ಸೇಡು ತೀರಿಸಿಕೊಳ್ಳುತ್ತವೆ. ಆ ಗುಟ್ಟು ದೀಪಗಳ ಹರಟೆಯಲ್ಲಿ ಹೊರಬೀಳುತ್ತದೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ (1988) ಇದನ್ನೇ ನಾಟಕದ ಹೊರಕಥೆಯಾಗಿಸಿದರು. ಸಂಗ್ರಾಹಕನಿಗೆ ಅದು ಕಥೆಯ ಬಗೆಗಿನ ಕಥೆ, ನಾಟಕಕಾರನಿಗೆ ರಂಗದ ಮೇಲೆ ಕಥೆಯನ್ನು ಹುಟ್ಟಿಸುವ ಉಪಾಯ, ಕಾದಂಬರಿಕಾರನಿಗೆ ಮನುಷ್ಯರು ನುಂಗಿಕೊಂಡದ್ದನ್ನು ಹೊರಗೆಡಹುವ ಬಾಯಿ. ಈ ಮೂರನ್ನೂ ಪಕ್ಕಪಕ್ಕದಲ್ಲಿರಿಸಿ ಓದಿಸಿದರೆ ಉದ್ದೇಶ ಬದಲಾದಾಗ ಬರವಣಿಗೆಯಲ್ಲಿ ಏನೇನು ಬದಲಾಗುತ್ತದೆಂಬುದು ಉಪನ್ಯಾಸದ ನೆರವಿಲ್ಲದೆ ಅರ್ಥವಾಗುತ್ತದೆ.

ಇದರ ಮುಂದಿನ ಹೆಜ್ಜೆ ವಿದ್ಯಾರ್ಥಿಗಳ ಬರವಣಿಗೆ. ಚನ್ನನ ಸಾವನ್ನೇ ತೆಗೆದುಕೊಳ್ಳಬಹುದು. ಅದನ್ನು ಮೊದಲು ಪೊಲೀಸ್ ಮಹಜರಿನ ಮಾದರಿಯಲ್ಲಿ ಬರೆಯಿಸಬೇಕು: ದಿನಾಂಕ, ಸ್ಥಳ, ಚಕ್ಕುಬಂದಿ, ಪಂಚರ ಸಹಿ. ಬಳಿಕ ಮಗನನ್ನು ಕಳೆದುಕೊಂಡ ತಾಯಿ ಹಾಡಿ ಅಳುವ ರೀತಿಯಲ್ಲಿ, ಮನೆಯ ಮಾತಿನಲ್ಲೇ ಬರೆಯಿಸಬೇಕು. ಮಹಜರು ಬರೆಯಹೊರಟವರು ಬೇಗನೆ ತಡವರಿಸುತ್ತಾರೆ. ಕಾಲ ಕಾದಂಬರಿಯಲ್ಲಿ ನೇರವಾಗಿ ಸಾಗುವುದಿಲ್ಲ, ಸಾಕ್ಷಿಗಳು ಬಾಯಿಬಿಡುವುದಿಲ್ಲ, ಎಲ್ಲ ಮನೆಗಳ ಒಳಗನ್ನೂ ಬಲ್ಲ ಜೋತಮ್ಮಂದಿರು ಪಂಚರಾಗಿ ಸಹಿ ಹಾಕಲಾರರು. ಕಾನೂನಿನ ಕಾಗದದಲ್ಲಿ ಏಕೆ ಇಂತಹ ಸಾವುಗಳು ನಿಲ್ಲುವುದಿಲ್ಲ ಎಂಬ ಪ್ರಶ್ನೆ ಹುಟ್ಟುವುದು ಈ ತಡವರಿಕೆಯಲ್ಲಿಯೇ. ‘ಕುಸುಮಬಾಲೆಯಲ್ಲಿ ಜಾತಿ ಸಮಸ್ಯೆ’ ಎಂಬ ಹತ್ತು ಅಂಕದ ಪ್ರಬಂಧ ಈ ಪ್ರಶ್ನೆಯ ಹತ್ತಿರವೂ ಸುಳಿಯದು. ಇನ್ನು ಗ್ರಾಮ ಗ್ರಂಥಾಲಯದ ಓದುಗರಿಗಾಗಿ ಹತ್ತು ಸಾಲಿನ ಪರಿಚಯ ಬರೆಯುವಾಗ ಸಮಸ್ಯೆಯೇ ಬೇರೆ. ಕೊಲೆಯ ಸಂಗತಿಯನ್ನು ಮೊದಲೇ ಬಿಟ್ಟುಕೊಡಬೇಕೇ? ಆಡುಮಾತಿಗೆ ಹೆದರುವ ಓದುಗನನ್ನು ಹೇಗೆ ಒಳಗೆ ಕರೆಯಬೇಕು? ಪತ್ರಿಕಾ ವಿಮರ್ಶೆ, ಸಂಶೋಧನಾ ಟಿಪ್ಪಣಿ ಮುಂತಾದವು ಇದರ ಮುಂದಿನ ಮೆಟ್ಟಿಲುಗಳು.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಸೃಜನಶೀಲತೆಯ ಹೆಸರಿನಲ್ಲಿ ‘ಕಾದಂಬರಿಯ ಅಂತ್ಯವನ್ನು ಬದಲಿಸಿ ಬರೆಯಿರಿ’ ಎಂಬ ಅಭ್ಯಾಸಗಳು ಅಲ್ಲಲ್ಲಿ ನಡೆಯುತ್ತವೆ. ಮರಳಿ ಕೃತಿಯ ಪುಟಗಳಿಗೆ ಕರೆದೊಯ್ಯದ ಇಂತಹ ಅಭ್ಯಾಸ ಮಕ್ಕಳಾಟವಷ್ಟೇ. ಎರಡನೆಯದು ಶಿಷ್ಟ ಕನ್ನಡಕ್ಕೆ ಸಂಬಂಧಿಸಿದ್ದು. ಆಡುಮಾತನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ಪರೀಕ್ಷೆಯ ಕನ್ನಡವನ್ನು ಹೀಗಳೆಯುವುದು ಜಾನಪದ ವಿದ್ವಾಂಸರಲ್ಲಿ ಒಂದು ಚಾಳಿಯಾಗಿದೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ನೌಕರಿಯ ಅರ್ಜಿಯೂ ಪ್ರಬಂಧವೂ ಶಿಷ್ಟ ಕನ್ನಡದಲ್ಲಿಯೇ ಬೇಕು. ಅದನ್ನು ಕಲಿಸದಿರುವುದು ಔದಾರ್ಯವಲ್ಲ, ವಂಚನೆ. ನೀಲಗಾರನಿಗೆ ಭಿಕ್ಷೆಯ ಹಾಡೂ ಇರುಳಿಡಿಯ ಕಥೆಯೂ ಒಟ್ಟಿಗೆ ದಕ್ಕಿರುವಂತೆ ಆಕೆಗೂ ಎರಡು ಕನ್ನಡಗಳು ದಕ್ಕಬೇಕು, ಎಲ್ಲಿ ಯಾವುದೆಂದು ಆಯ್ದುಕೊಳ್ಳುವ ಅಧಿಕಾರವೂ ಆಕೆಯದಾಗಬೇಕು.

ಅಂಕ ನೀಡುವುದು ಹೇಗೆಂಬ ಆಕ್ಷೇಪಣೆ ಸಹಜವೇ. ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು ನಡೆಯುವ ಕೇಂದ್ರ ಮೌಲ್ಯಮಾಪನದಲ್ಲಿ ಇದಕ್ಕೆ ಎಡೆ ಕಡಿಮೆ. ಹಾಜರಾತಿಗೂ ನಕಲು ನಿಬಂಧಗಳಿಗೂ ವ್ಯರ್ಥವಾಗುವ ಆಂತರಿಕ ಅಂಕಗಳಲ್ಲಿ ಎಡೆಯಿದೆ. ಪ್ರತಿ ಬರಹದ ನೆತ್ತಿಯ ಮೇಲೆ ‘ಇದನ್ನು ಓದುವವರು ಯಾರು?’ ಎಂಬುದನ್ನು ವಿದ್ಯಾರ್ಥಿಯೇ ಒಂದು ಸಾಲಿನಲ್ಲಿ ನಮೂದಿಸಬೇಕು. ಅಧ್ಯಾಪಕರು ಆ ಓದುಗನ ಜಾಗದಲ್ಲಿ ಕುಳಿತು ಅಂಕ ನೀಡಬೇಕು. ಗೈಡಿನಿಂದ ನಕಲು ಮಾಡಿದ ಉತ್ತರಕ್ಕೆ ಆ ಮೊದಲ ಸಾಲನ್ನು ತುಂಬುವುದೇ ಕಷ್ಟವಾಗುತ್ತದೆ.