ದಾವಣಿಯ ಹಿರೇತನ

‘ಮೋಸ ಆತ್ರೀ. ಸಂತ್ಯಾಗ ಹೊತ್ತಿಗೆ ಐದ ಲೀಟರ್ ಹಿಂಡಿ ತೋರಿಸಿದ ಎಮ್ಮಿ, ಮನಿಗೆ ಬಂದ ಮ್ಯಾಲೆ ಮೂರಕ್ಕ ಇಳೀತು.’ ಬೈಲಹೊಂಗಲ, ಸವದತ್ತಿ ಕಡೆ ಹೈನ ಮಾಡುವವರ ಬಾಯಲ್ಲಿ ಈ ದೂರು ಹೊಸದಲ್ಲ. ಮಾರಿದವನು ಒಂದು ಹೊತ್ತು ಹಿಂಡದೇ ಬಿಟ್ಟು ಕೆಚ್ಚಲು ತುಂಬಿಸಿ ತಂದಿರಲೂಬಹುದು. ಆದರೆ ಅವನಿಗೆ ಶಾಪ ಹಾಕುವ ಮುಂಚೆ, ನಿಮ್ಮ ದಾವಣಿಯಲ್ಲಿ ಹೊಸ ಎಮ್ಮೆಯ ಮಗ್ಗುಲಿಗೆ ಯಾವುದನ್ನು ಕಟ್ಟಿದ್ದೀರಿ ನೋಡಿ.

ದನಗಳಲ್ಲೂ ಹಿರೇತನ ಉಂಟು. ವಯಸ್ಸು, ಮೈಕಟ್ಟು, ಕೋಡು, ಆ ಕೊಟ್ಟಿಗೆಯಲ್ಲಿ ಎಷ್ಟು ಕಾಲದಿಂದ ಇದೆ ಎಂಬುದು ಎಲ್ಲ ಸೇರಿ ಅದು ತೀರ್ಮಾನವಾಗುತ್ತದೆ. ತೀರ್ಮಾನವಾದ ಮೇಲೆ ಹಾಯುವ ಜಗಳ ಅಪರೂಪ. ಹಿರಿಯದು ತಲೆ ತಗ್ಗಿಸಿ ಕತ್ತು ಹೊರಳಿಸಿದರೆ ಸಾಕು, ಕಿರಿಯದು ಗೋದಲಿಯಿಂದ ಮುಖ ಎತ್ತುತ್ತದೆ. ಹೊಸದು ಬಂದ ದಿನ ಈ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಹಿಂಡಿ ಇಟ್ಟಾಗ ಗಮನಿಸಿ: ಹಳೆಯದು ತನ್ನ ಬುಟ್ಟಿ ಬಿಟ್ಟು, ಹಗ್ಗ ಜಗ್ಗಿ, ಹೊಸದರ ಬುಟ್ಟಿಗೆ ಬಾಯಿ ಹಾಕುತ್ತದೆ. ಹೊಸದು ಹಗ್ಗ ಬಿಗಿಯುವವರೆಗೂ ಹಿಂದೆ ಸರಿದು ಕಣ್ಣು ಬಿಳಿ ಮಾಡಿ ನಿಲ್ಲುತ್ತದೆ. ಮಲಗದು, ಮೆಲುಕೂ ಹಾಕದು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಇದನ್ನು ಅಳೆದು 2008ರಲ್ಲಿ ಪ್ರಕಟಿಸಿದರು. ಗುರುತಿಲ್ಲದ ಗುಂಪಿಗೆ ಸೇರಿಸಿದ ದಿನ ಆಕಳು ಮೇವಿನ ಜಾಗದಿಂದ ದಬ್ಬಿಸಿಕೊಂಡದ್ದು ಮೊದಲಿನ ಎರಡು ಪಟ್ಟಿಗೂ ಹೆಚ್ಚು. ದಿನದ ಹಾಲು ಸುಮಾರು 43 ಕೆಜಿಯಿಂದ 40ರ ಒಳಗೆ ಬಂತು. (ಆ 43 ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ.) ಅಲ್ಲಿನ ದನ ಬಿಚ್ಚಿಕೊಂಡು ಅಡ್ಡಾಡುತ್ತವೆ, ಸೋತದ್ದು ದೂರ ಹೋಗಿ ನಿಂತೀತು. ನಮ್ಮದರ ಕೊರಳಲ್ಲಿ ಮೂರು ಮೊಳ ಹಗ್ಗ, ಹೋಗುವುದೆಲ್ಲಿಗೆ?

ಎಮ್ಮೆಗೆ ಇದರ ಪೆಟ್ಟು ಇನ್ನೂ ಜೋರು. ತೊರೆ ಬಿಡಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಬೆದರಿದ ದನದ ಮಿದುಳು ಅದನ್ನು ತಡೆಹಿಡಿಯುತ್ತದೆ. ಆಕಳ ಕೆಚ್ಚಲಲ್ಲಿ ಸುಮಾರು ಐದರಲ್ಲೊಂದು ಪಾಲು ಹಾಲು ಮೊದಲೇ ಕೆಳಗಿಳಿದಿರುತ್ತದೆ. ಎಮ್ಮೆಯಲ್ಲಿ ನೂರಕ್ಕೆ ಐದರಷ್ಟು ಮಾತ್ರ. ತೊರೆ ಬಿಡದಿದ್ದರೆ ಚರಿಗೆಯ ತಳ ಮುಚ್ಚುವುದೂ ಕಷ್ಟ. ಇದಕ್ಕೆ ಸೂಜಿ ಚುಚ್ಚಿ ಹಾಲು ಇಳಿಸುವವರಿದ್ದಾರೆ. ಅಂಥವರು ಹೈನ ಬಿಟ್ಟು ಬೇರೆ ಉದ್ಯೋಗ ನೋಡಿಕೊಳ್ಳುವುದು ಒಳ್ಳೆಯದು.

ಕಿತ್ತೂರು ಸೀಮೆಯಲ್ಲಿ ಭತ್ತದ ಹುಲ್ಲು ತಿಂದು ಬೆಳೆದದ್ದು ರಾಮದುರ್ಗಕ್ಕೆ ಬಂದರೆ ಜೋಳದ ಕಣಿಕಿಗೂ ಹೊಂದಬೇಕು, ಹೊಸ ಸಂಗಡಿಗರಿಗೂ ಹೊಂದಬೇಕು. ಗುರುತಿಲ್ಲದ ದನ ಒಟ್ಟಿಗೆ ಸೇರುವುದು ನೆರೆ ಬಂದಾಗಲೂ ಉಂಟು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ಅಂಥ ಹೊತ್ತಿನಲ್ಲಿ ಹತ್ತು ಮನೆಯ ದನ ಒಂದೇ ದಿನ್ನೆಯ ಮೇಲೆ ನಿಂತಾಗ ಹಾಲು ಬತ್ತುವುದು ನೆನೆದ ಮೇವಿನಿಂದಷ್ಟೇ ಎಂದರೆ ನಾನು ಒಪ್ಪುವುದಿಲ್ಲ.

ಕೈಯಲ್ಲಿ ದುಡ್ಡಿದ್ದರೆ ಒಂದೇ ಮನೆಯಲ್ಲಿ ಬೆಳೆದ ಜೋಡಿ ತನ್ನಿರಿ. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಸಂತೆಗಳೇ ಬಂದ್ ಆದವು. ಹೊಸ ದನವನ್ನು ಕೆಲವು ವಾರ ಬೇರೆಯೇ ಕಟ್ಟಿ ಎಂಬ ಪಶುವೈದ್ಯರ ಮಾತಿಗೆ ಆ ಮೇಲೆ ಬೆಲೆ ಬಂದಿದೆ. ಒಂಟಿಯಾಗಿ ಕಟ್ಟಿದರೆ ಎಮ್ಮೆ ರಾತ್ರಿಯಿಡೀ ಒದರುತ್ತದೆ, ಜೋಡಿಯಿದ್ದರೆ ಆ ಪೇಚಿಲ್ಲ. ಆಮೇಲೆ ದಾವಣಿಯ ತುದಿಯ ಗೂಟಕ್ಕೆ, ಸಾಧು ಸ್ವಭಾವದ್ದರ ಮಗ್ಗುಲಿಗೆ, ಕೋಡು ತಾಗದಷ್ಟು ದೂರ ಬಿಟ್ಟು ಕಟ್ಟಿ. ಹಿಂಡುವ ಕೈ ಕೆಲವು ದಿನ ಒಂದೇ ಇರಲಿ. ಅಲ್ಲಿಂದ ಮುಂದೆ ಗೂಟ ಬದಲಿಸುವ ಚಟ ಬೇಡ.